ಪಿಂಗ್ ಬರ್ತದೆ, ಸೆಷನ್ ಬರುವುದಿಲ್ಲ

ರಾಮಕುಂಜದಲ್ಲಿ ಮಳೆಗಾಲಕ್ಕೆ ಲಿಂಕ್ ಹೋದರೆ ಮೊದಲ ಬೈಗುಳ ಸಿಡಿಲಿಗೆ. ಹೆಚ್ಚಿನ ಸಲ ಅದು ಸರಿಯೇ. ಆದರೆ ಮನೆಯಲ್ಲಿ ಕೂತು ಬೆಂಗಳೂರಿನ ಕಂಪೆನಿಯ ಎಎಸ್/400 ನೋಡಿಕೊಳ್ಳುವವರೇ, ಸ್ವಲ್ಪ ನಿಲ್ಲಿ. ಪಿಂಗ್‌ಗೆ ಉತ್ತರ ಬರ್ತಾ ಇದೆ, ಗೇಟ್‌ವೇ ಸರ್ವರ್ ಮಾತ್ರ ‘ಪೆಂಡಿಂಗ್’ ಅಂತ ಕೂತಿದೆ. ಯಾಕೆ?

ಐಬಿಎಂ 1988ರಲ್ಲಿ ತಂದ ಎಎಸ್/400ರ ಹಳೆಯ ಭಾಷೆ ಎಸ್‌ಎನ್‌ಎ. ಗೇಟ್‌ವೇ, ಅಂದರೆ ಮೈಕ್ರೋಸಾಫ್ಟಿನ ಹೋಸ್ಟ್ ಇಂಟಿಗ್ರೇಷನ್ ಸರ್ವರ್, ವಿಂಡೋಸ್ ಪಿಸಿಗಳಿಗೂ ಅದಕ್ಕೂ ನಡುವೆ ದುಭಾಷಿ. ಪಿಂಗ್ ಪರೀಕ್ಷಿಸುವುದು ಐಪಿ ದಾರಿಯನ್ನು ಮಾತ್ರ. ಹಳೆಯ ಜೋಡಣೆಯಲ್ಲಿ ಎಸ್‌ಎನ್‌ಎ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಮ್ಯಾಕ್ ವಿಳಾಸ ಹುಡುಕಿಕೊಂಡು ಹೋಗ್ತದೆ. ಎಎಸ್/400ರ ನೆಟ್‌ವರ್ಕ್ ಕಾರ್ಡ್ ಬದಲಾಯಿಸಿದ್ದೀರಾ? ಗೇಟ್‌ವೇಯಲ್ಲಿ ಹಳೆಯ ವಿಳಾಸವೇ ಉಳಿದಿರಬಹುದು, ನೋಡಿ.

ಹೊಸ ಜೋಡಣೆ, ಅಂದರೆ ಎಂಟರ್‌ಪ್ರೈಸ್ ಎಕ್ಸ್‌ಟೆಂಡರ್, ಐಪಿ ಮೇಲೆಯೇ ಓಡ್ತದೆ. ಆದರೆ ಯುಡಿಪಿ 12000ರಿಂದ 12004ರವರೆಗಿನ ಪೋರ್ಟುಗಳಲ್ಲಿ. ಫೈರ್‌ವಾಲಿನವರು ಟಿಸಿಪಿ ತೆರೆದು ‘ಆಯ್ತು ಮಾರಾಯ್ರೆ’ ಅಂದರೆ ನಂಬಬೇಡಿ. ಯುಡಿಪಿ ಅಂತ ಬಿಡಿಸಿ ಹೇಳಿ.

ಇನ್ನು ಹೆಸರುಗಳು. ನೆಟ್‌ವರ್ಕ್ ಐಡಿ, ಕಂಟ್ರೋಲ್ ಪಾಯಿಂಟ್, ಮೋಡ್: ಎಎಸ್/400ರಲ್ಲಿ ಇಟ್ಟದ್ದನ್ನೇ ಗೇಟ್‌ವೇಯಲ್ಲಿ ಅಕ್ಷರಕ್ಕೆ ಅಕ್ಷರ ಬರೆದಿರಬೇಕು.

ಎಎಸ್/400ರಲ್ಲಿ ಕಂಟ್ರೋಲರಿನ ಸ್ಥಿತಿ ನೋಡಿ. ‘ವೇರಿಡ್ ಆಫ್’ ಇದ್ದರೆ ಆನ್ ಮಾಡಿಸಿ. ‘ವೇರಿ ಆನ್ ಪೆಂಡಿಂಗ್’ ಅಂದರೆ ಯಂತ್ರ ತಯಾರು, ಸಂಪರ್ಕ ಮಾತ್ರ ಕೂಡಿಲ್ಲ. ಆಗ ವಿಂಡೋಸಿನ ಈವೆಂಟ್ ವ್ಯೂವರ್ ತೆರೆಯಿರಿ. ರೀಸ್ಟಾರ್ಟ್ ಆಮೇಲೆ.