ಹೆಚ್ಚು ಜನರನ್ನು ಅಳೆದರೆ ತಪ್ಪು ಅಳಿಸಿಹೋಗುತ್ತದೆಯೇ?

ಪ್ರಶ್ನೆ: ಬಿಪಿ ಯಂತ್ರ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಸಾವಿರಾರು ಜನರನ್ನು ಅಳೆದಾಗ ಈ ಏರುಪೇರು ತಾನಾಗಿ ಸರಿಹೋಗುವುದಿಲ್ಲವೇ?

ಉತ್ತರ: ಸರಾಸರಿ ಮಾತ್ರ ಬೇಕಿದ್ದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಬಿಪಿಗೂ ಪಾರ್ಶ್ವವಾಯುವಿಗೂ ಇರುವ ನಂಟು ಎಷ್ಟು ಬಲವಾದದ್ದು ಎಂದು ಕೇಳಿದರೆ ಇಲ್ಲ, ಕೋಟಿ ಜನರನ್ನು ಸೇರಿಸಿದರೂ ಇಲ್ಲ. ಒಮ್ಮೆ ಅಳೆದಾಗ 160 ಬಂದವರಲ್ಲಿ ಅನೇಕರ ನಿಜವಾದ ಒತ್ತಡ ಅದಕ್ಕಿಂತ ಕಡಿಮೆ; ಅಂದು ಮಾತ್ರ ಏರಿತ್ತು. 110 ಬಂದವರಲ್ಲಿ ಇದರ ತಿರುವುಮುರುವು. ಹೀಗಾಗಿ ಎರಡು ಗುಂಪುಗಳ ನಡುವಿನ ಅಂತರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅಪಾಯದ ರೇಖೆ ಚಪ್ಪಟೆಯಾಗುತ್ತದೆ. 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 9 ಅಧ್ಯಯನಗಳ ಸುಮಾರು 4,20,000 ಜನರ ಮಾಹಿತಿಯಲ್ಲಿ ಇದನ್ನು ತಿದ್ದಿತು. ಆಗ ನಂಟು ಮೊದಲ ಅಂದಾಜಿಗಿಂತ ಸುಮಾರು ಶೇ. 60ರಷ್ಟು ಬಲವಾಗಿ ಕಂಡಿತು!

ದಾರಿಯೇನು? ಕೆಲವರನ್ನಾದರೂ ಮತ್ತೆ ಅಳೆಯಬೇಕು. ಅಳತೆಗಳ ಹರವಿನಲ್ಲಿ ಶೇ. 60 ಭಾಗ ಮಾತ್ರ ಜನರ ನಡುವಿನ ನಿಜವಾದ ವ್ಯತ್ಯಾಸವೆಂದು ತಿಳಿದರೆ, ಸರಳ ರೇಖೆಯ ಇಳಿಜಾರನ್ನು 0.6ರಿಂದ ಭಾಗಿಸಬೇಕು. ಎರಡು ಯಂತ್ರಗಳನ್ನು ಹೋಲಿಸುವುದು ಬೇರೆಯೇ ಕೆಲಸ: ಎರಡರಲ್ಲೂ ತಪ್ಪಿರುವುದರಿಂದ ಡೆಮಿಂಗ್ ವಿಧಾನ, ಇಲ್ಲವೇ ವ್ಯತ್ಯಾಸಗಳನ್ನೇ ನೋಡುವ ಬ್ಲಾಂಡ್–ಆಲ್ಟ್‌ಮನ್ ನಕ್ಷೆ ತಕ್ಕದ್ದು.

ಇಷ್ಟೆಲ್ಲ ಯಾದೃಚ್ಛಿಕ ತಪ್ಪಿನ ಮಾತು. ಯಂತ್ರವೇ ಸದಾ 10 ಹೆಚ್ಚು ತೋರಿಸುತ್ತಿದ್ದರೆ ಮತ್ತೆ ಮತ್ತೆ ಅಳೆದು ಫಲವಿಲ್ಲ. ನಿಮ್ಮ ಯಂತ್ರವನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರ ಬಳಿ ಒಯ್ದು, ಅವರ ಉಪಕರಣದೊಡನೆ ತಾಳೆ ನೋಡಿ.