ನಿಮಗಿದು ಗೊತ್ತೆ? ಹಸಿ ಗಾರೆಯ ಮೇಲೆ ಅರಳಿದ ಶಾಲೆ

ಮಂಗಳೂರಿನ ಸಂತ ಅಲೋಶಿಯಸ್ ಶಾಲೆ, ಕಾಲೇಜುಗಳಿಗೆ ಅಡಿಪಾಯ ಹಾಕಿದವರು ಯೇಸು ಸಭೆಯ ಪಾದ್ರಿಗಳು. 1878ರ ಡಿಸೆಂಬರ್ 31ರಂದು ಅವರು ಊರಿಗೆ ಬಂದಿಳಿದರು. ಒಂದು ವರ್ಷ ಕಳೆದ ಕೂಡಲೇ, 1880ರ ಜನವರಿಯಲ್ಲಿ ಪಾಠ ಶುರು! ಮೊದಲು ಕೊಡಿಯಾಲ್‌ಬೈಲಿನಲ್ಲಿದ್ದ ತರಗತಿಗಳು 1885ರಲ್ಲಿ ಈಗಿನ ಲೈಟ್‌ಹೌಸ್ ಗುಡ್ಡಕ್ಕೆ ಬಂದವು.

ಇಲ್ಲಿನ ನಿಜವಾದ ಬೆರಗು ಆವರಣದ ಪ್ರಾರ್ಥನಾ ಮಂದಿರ. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊದಲ್ಲಿ ಹುಟ್ಟಿದ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಇದರ ಒಳಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಗೋಡೆಯವು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿದ್ದಾಗಲೇ ಬಣ್ಣ ಹಚ್ಚಬೇಕು, ಗಾರೆ ಒಣಗುವಾಗ ಬಣ್ಣ ಗೋಡೆಯಲ್ಲೇ ಬೆರೆತುಹೋಗುತ್ತದೆ. ತಪ್ಪಿದರೆ ಒರೆಸುವಂತಿಲ್ಲ, ಗಾರೆ ಕೆತ್ತಿ ಮತ್ತೆ ಮೆತ್ತಬೇಕು. ಚಾವಣಿಯಲ್ಲಿರುವುದು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಶಾಲೆಗೆ ಹೆಸರು ಕೊಟ್ಟ ಅಲೋಶಿಯಸ್ ಗೊನ್ಜಾಗರ ಬದುಕು ಅಲ್ಲಿ ಚಿತ್ರವಾಗಿದೆ. ರೋಮಿನಲ್ಲಿ ಪ್ಲೇಗ್ ಪೀಡಿತರ ಸೇವೆ ಮಾಡುತ್ತಲೇ ಸೋಂಕು ತಗುಲಿ, 1591ರಲ್ಲಿ 23ನೇ ವಯಸ್ಸಿಗೇ ತೀರಿಕೊಂಡ ತರುಣ ಆತ. ವಿದ್ಯಾರ್ಥಿಗಳ ಕಣ್ಣೆದುರು ಇಡಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ?

ಮೊಸ್ಕೇನಿ ಇಟಲಿಗೆ ಮರಳಲೇ ಇಲ್ಲ, 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೂ ಈ ಶಾಲೆಗೂ ನಂಟಿದೆ. ಹೋಮಿಯೋಪತಿ ಔಷಧ ಕೊಡುತ್ತ ಅದನ್ನು ಕಟ್ಟಿದ ಆಗಸ್ಟಸ್ ಮುಲ್ಲರ್ ಇಲ್ಲಿ ಪಾಠ ಹೇಳುತ್ತಿದ್ದವರು.

ಮಂಗಳೂರಿಗೆ ಹೋದಾಗ ಈ ಮಂದಿರಕ್ಕೆ ಬಿಡುವು ಮಾಡಿಕೊಂಡು ಹೋಗಿ, ತಲೆಯೆತ್ತಿ ನೋಡಿ.