ಕಥೆ ಮುಗಿದ ಮೇಲೆ ಆಟ

ಧಾರಾವಾಹಿಯ ಕೊನೆಯ ಕಂತನ್ನು ಓದಿದ ವಾಚಕರು ನಿಟ್ಟುಸಿರುಬಿಟ್ಟು ಪತ್ರಿಕೆಯನ್ನು ಮಡಿಸಿಡುತ್ತಾರೆ. ಖಳನು ಹತನಾದ ಮೇಲೆ ಉಳಿದುದೇನು? ಆದರೆ ಖಳನು ಹತನಾದ ಬಳಿಕವೇ ನಿಜವಾದ ಆಟ ಆರಂಭವಾಗುವ ವಿಚಿತ್ರ ಲೋಕವೊಂದುಂಟು. ನ್ಯೂಜಿಲೆಂಡಿನ ಗ್ರೈಂಡಿಂಗ್ ಗೇರ್ ಗೇಮ್ಸ್ ಸಂಸ್ಥೆಯವರು 2013ರಲ್ಲಿ ಹೊರತಂದ ‘ಪಾತ್ ಆಫ್ ಎಕ್ಸೈಲ್’ ಎಂಬ ಗಣಕಯಂತ್ರದ ಆಟ ಅಂಥದು.

ಗಡೀಪಾರಾದ ವೀರನೊಬ್ಬನು ರೇಕ್ಲಾಸ್ಟ್ ಎಂಬ ಶಾಪಗ್ರಸ್ತ ಭೂಖಂಡದಲ್ಲಿ ಹೋರಾಡುತ್ತ ಸಾಗುವುದೇ ಇದರ ಕಥೆ. ಹತ್ತು ಅಂಕಗಳ ನಾಟಕವೆನ್ನಿ. ನುರಿತವರು ಅದನ್ನು ಕೆಲವೇ ಗಂಟೆಗಳಲ್ಲಿ ದಾಟಿಬಿಡುತ್ತಾರೆ. ಅವರ ಕಣ್ಣೆಲ್ಲ ನಕ್ಷೆಗಳ ಮೇಲೆ! ಹತರಾದ ರಾಕ್ಷಸರಿಂದ ದೊರೆತ ನಕ್ಷೆಯೊಂದನ್ನು ಯಂತ್ರದಲ್ಲಿಟ್ಟರೆ ಸಾಮಾನ್ಯವಾಗಿ ಆರು ಬಾಗಿಲುಗಳು ತೆರೆದುಕೊಳ್ಳುತ್ತವೆ. ಒಳಹೊಕ್ಕಾಗಲೆಲ್ಲ ಒಂದು ಬಾಗಿಲು ಮಾಯವಾಗುತ್ತದೆ. ಆರೂ ಮುಗಿದವೋ, ಒಳಗೆ ಉಳಿದ ನಿಧಿಯ ಆಸೆಯನ್ನು ಬಿಡಬೇಕು. ಇಷ್ಟು ಸಾಲದೆಂಬಂತೆ ಆಟಗಾರನು ತಾನಾಗಿಯೇ ನಕ್ಷೆಯನ್ನು ಇನ್ನಷ್ಟು ಭಯಂಕರಗೊಳಿಸಿಕೊಳ್ಳುವುದೂ ಉಂಟು. ಅಪಾಯ ಹೆಚ್ಚಿದಷ್ಟೂ ಗಳಿಕೆ ಹೆಚ್ಚು.

ಇಲ್ಲಿಯ ನಾಣ್ಯಪದ್ಧತಿಯಂತೂ ಬಲು ಸೊಗಸಾದುದು. ಆಟಗಾರರು ಪರಸ್ಪರ ವ್ಯಾಪಾರ ನಡೆಸುವುದು ಮಂತ್ರಗೋಲಗಳಿಂದ. ಅದೇ ಗೋಲದಿಂದ ಕತ್ತಿಯ, ಕವಚದ ಗುಣವನ್ನು ಬದಲಿಸಬಹುದು. ಬದಲಿಸಿದೊಡನೆ ಗೋಲ ಕರಗಿಹೋಗುತ್ತದೆ. ಚಲಾವಣೆಯ ಹಣವು ಹೀಗೆ ತಾನೇ ತಾನಾಗಿ ಇಳಿಯುವುದನ್ನು ಕಂಡರೆ ಯಾವ ಅರ್ಥಸಚಿವರಿಗಾದರೂ ಅಸೂಯೆಯಾದೀತು.

ಆದರೆ ಸಾವು? ವೀರನು ಏರಬಹುದಾದ ಮೆಟ್ಟಿಲುಗಳು 100. ಕಥೆ ಮುಗಿದ ಮೇಲೆ ಒಮ್ಮೆ ಸತ್ತರೆ, ಮುಂದಿನ ಮೆಟ್ಟಿಲಿಗೆ ಬೇಕಾದ ಅನುಭವದಲ್ಲಿ ನೂರಕ್ಕೆ 10 ಪಾಲು ಕಳೆದುಹೋಗುತ್ತದೆ. ತೊಂಬತ್ತೊಂಬತ್ತನೆಯದರಲ್ಲಿ ನಿಂತವನಿಗೆ ಅದು ಎಷ್ಟೋ ಸಂಜೆಗಳ ದುಡಿಮೆ! ‘ಹಾರ್ಡ್‌ಕೋರ್’ ವಿಧಾನವನ್ನು ಆರಿಸಿಕೊಂಡವನಾದರೋ ಒಂದೇ ಸಾವಿಗೆ ಆ ಪಂಕ್ತಿಯಿಂದ ಹೊರಬಿದ್ದು ಸಾಮಾನ್ಯರ ಸಾಲಿಗೆ ಸೇರುತ್ತಾನೆ. 2000ದಲ್ಲಿ ಬಂದ ‘ಡಯಾಬ್ಲೊ 2’ ಇದಕ್ಕಿಂತ ನಿರ್ದಯಿ. ಅಲ್ಲಿ ಅಂಥ ವೀರನಿಗೆ ಪುನರ್ಜನ್ಮವೇ ಇರಲಿಲ್ಲ.

ವೃಥಾ ಕಾಲಹರಣವೆಂದು ಹಿರಿಯರು ಗೊಣಗಿದರೆ ಅವರನ್ನು ದೂರಲಾಗದು. ರಾತ್ರಿಗಳು ನಿಜಕ್ಕೂ ಸವೆಯುತ್ತವೆ. ಆದರೂ ಬರಿಯ ಬೆರಳ ಚಪಲವೆಂದು ಇದನ್ನು ತಳ್ಳಿಹಾಕಲು ಮನಸ್ಸೊಪ್ಪದು. ಲೆಕ್ಕಾಚಾರ, ತಾಳ್ಮೆ, ಪೇಟೆಯ ಧಾರಣೆಯ ಅರಿವು ಇವಿಲ್ಲದವನು ಇಲ್ಲಿ ಬಹುದೂರ ಸಾಗಲಾರ.

ಕೆಲವು ತಿಂಗಳಿಗೊಮ್ಮೆ ಹೊಸ ‘ಲೀಗ್’ ತೆರೆಯುತ್ತದೆ. ಕೂಡಿಟ್ಟ ಸಂಪತ್ತೆಲ್ಲ ಹಳೆಯ ಲೋಕದಲ್ಲೇ ಉಳಿಯುತ್ತದೆ. ಹೊಸ ಲೋಕಕ್ಕೆ ಎಲ್ಲರೂ ಬರಿಗೈಯವರೇ. ಮೊದಲ ದಿನ ಪ್ರವೇಶಕ್ಕಾಗಿ ಸರದಿಯಲ್ಲಿ ಕಾಯುವವರಲ್ಲಿ ಹಿಂದಿನ ಸಲದ ಕುಬೇರರೂ ಇರುತ್ತಾರೆ.